ಕ್ಯಾಸೆಟ್ಟಿನ ಮೇಲಿನ ಹೆಸರು

ವಿದ್ಯಾರಣ್ಯಪುರ, ಬೆಂಗಳೂರು
ತಾ. ೯-೩-೧೯೮೬, ಭಾನುವಾರ

ಪ್ರೀತಿಯ ಮಗಳು ನಿಂಗವ್ವಳಿಗೆ,

ನಿನ್ನ ಅಪ್ಪ ಮನಸಾರೆ ಹರಸಿ ಬರೆಯುವುದೇನೆಂದರೆ, ನಾವಿಬ್ಬರೂ ಇಲ್ಲಿ ಆರಾಮವಾಗಿದ್ದೇವೆ. ನೀನು ಹೇಗಿದ್ದೀಯ? ಮದ್ರಾಸಿನಲ್ಲಿ ಈಗಲೇ ಬಿಸಿಲು ಶುರುವಾಗಿರಬೇಕು. ಅಲ್ಲಿಯ ನೀರನ್ನು ಕುದಿಸದೆ ಕುಡಿಯಬೇಡ, ಬೀದಿಯಲ್ಲಿ ಐಸು ಹಾಕಿ ಕೊಡುವುದನ್ನು ಮುಟ್ಟಬೇಡ. ಗಂಟಲು ಕಟ್ಟಿದರೆ ಬಿಸಿ ಹಾಲಿಗೆ ಅರಿಸಿನ, ಮೆಣಸಿನಪುಡಿ ಹಾಕಿ ಕುಡಿಯಬೇಕಂತೆ. ಇದು ನಿನ್ನ ಅವ್ವ ಅಡುಗೆಮನೆಯಿಂದ ಕೂಗಿ ಹೇಳುತ್ತಿರುವುದು, ನಾನು ಬರೆದುಕೊಳ್ಳುತ್ತಿದ್ದೇನೆ ಅಷ್ಟೆ. ಅವಳ ಮೊಣಕಾಲು ನೋವು ಹಾಗೇ ಇದೆ. ನನಗೆ ಫ್ಯಾಕ್ಟರಿ ಡಾಕ್ಟರು ಬಿ.ಪಿ. ಇದೆಯೆಂದು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ನಿನ್ನ ಅವ್ವ ಅದನ್ನು ಸರಕಾರಿ ಆಜ್ಞೆ ಎಂದು ತಿಳಿದು ಸಾರಿಗೂ ಉಪ್ಪಿಗೂ ಸಂಬಂಧವೇ ಇಲ್ಲದಂತೆ ಮಾಡಿದ್ದಾಳೆ. ನಿನ್ನೆ ಶಿವರಾತ್ರಿ. ಉಪವಾಸವಾದ್ದರಿಂದ ಒಂದು ದಿನವಾದರೂ ಆ ಸಾರಿನಿಂದ ಪಾರಾದೆ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದೆ. ನಮ್ಮ ರಸ್ತೆಗೆ ಡಾಂಬರು ಹಾಕುತ್ತೇವೆಂದು ಅಳತೆ ಮಾಡಿಕೊಂಡು ಹೋದವರು ತಿರುಗಿ ಬಂದಿಲ್ಲ.

ನೋಡು, ಅರ್ಧ ಪುಟ ಮುಗಿಯಿತು, ನಾನಿನ್ನೂ ಉಪ್ಪು, ಡಾಂಬರು ಎನ್ನುತ್ತಿದ್ದೇನೆ. ನಾಲ್ಕು ತಿಂಗಳು ನಿನಗೆ ಒಂದು ಕಾರ್ಡು ಹಾಕದವನು ಈಗ ಇದ್ದಕ್ಕಿದ್ದಂತೆ ಹಾಳೆಗಟ್ಟಲೆ ಬರೆಯಲು ಕೂತರೆ ನಿನಗೆ ಅನುಮಾನ ಬರುವುದು ಸರಿಯೇ. ನನಗೆ ನಾಚಿಕೆಯಾಗಿದೆ, ನಿಂಗಿ. ಫ್ಯಾಕ್ಟರಿಯ ಕನ್ನಡ ಸಂಘಕ್ಕೆ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿ ಎಷ್ಟೋ ಕರಪತ್ರ, ಮನವಿಪತ್ರ, ವರದಿ ಬರೆದ ಕೈ ಇದು. ಆದರೆ ಇವತ್ತು ಬೆಳಗಿನಿಂದ ಮೂರು ಹಾಳೆ ಹರಿದು ಹಾಕಿದ್ದೇನೆ. ಇದರಲ್ಲಿ ಕೆಲವು ಮಾತು ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ನನ್ನ ಕಡೆಯಿಂದ ಅದನ್ನು ನಾನು ಒಂದು ಸಲವೂ ಹೇಳಿಲ್ಲ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ಮಲ್ಲೇಶ್ವರದ ಶಾಲೆಯಿಂದ ಅಳುತ್ತ ಬಂದಿದ್ದೆ. ಕ್ಲಾಸಿನ ಹುಡುಗಿಯರೆಲ್ಲ ಉಷಾ, ಸುಮಾ ಎಂದಿರುವಾಗ ನಿಂಗವ್ವ ಎಂದು ಹಾಜರಿ ಕೂಗಿದರೆ ಎಲ್ಲರೂ ನಗುತ್ತಾರೆ, ನನ್ನ ಹೆಸರು ನಿರ್ಮಲಾ ಎಂದು ಬದಲಾಯಿಸಿಬಿಡು ಎಂದಿದ್ದೆ. ನನ್ನನ್ನು ಹೆತ್ತವಳ ಹೆಸರು ನಿನಗೆ ಬೇಡವಾಯಿತೇ ಎಂದು ನಾನು ರೇಗಿ ಆ ರಾತ್ರಿ ಊಟ ಬಿಟ್ಟೆ. ಅದನ್ನು ನೋಡಿ ನೀನೂ ಊಟ ಬಿಟ್ಟೆ. ಹಟದಲ್ಲಿ ನೀನು ನನ್ನ ಮಗಳೇ. ಆಮೇಲೆ ಕಾಲೇಜು ಸೇರಿದೆ, ಆರ್.ಟಿ. ನಗರದ ವಹಾಬನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಿಟಾರು, ಡ್ರಮ್ಮು ಇಟ್ಟುಕೊಂಡು ಇಂಗ್ಲಿಷ್ ಹಾಡಲು ಶುರು ಮಾಡಿದಿರಿ. ರಾಕ್ ಬ್ಯಾಂಡು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ‘ಸೆಕೆಂಡ್ ಶಿಫ್ಟ್’ ಎಂದು ಹೆಸರಿಟ್ಟಿದ್ದೀರೆಂದು ತಿಳಿದಾಗ, ವಾರ ಬಿಟ್ಟು ವಾರ ಸೆಕೆಂಡ್ ಶಿಫ್ಟಿಗೆ ಹೋಗುವ ನನ್ನನ್ನು ಗೇಲಿ ಮಾಡಲೆಂದೇ ಇಟ್ಟಿದ್ದೀರಿ ಎಂದುಕೊಂಡೆ. ಎಂಬತ್ತೆರಡರಲ್ಲಿ ಕನ್ನಡಕ್ಕಾಗಿ ಚಳವಳಿ ನಡೆದಾಗ ಯಶವಂತಪುರದಿಂದ ಹೊರಟ ಮೆರವಣಿಗೆಯಲ್ಲಿ ಬ್ಯಾನರಿನ ಒಂದು ಕೋಲು ನನ್ನ ಕೈಯಲ್ಲಿತ್ತು. ಅದೇ ವಾರ ನೀನು ಜೀನ್ಸ್ ಪ್ಯಾಂಟು ತೊಟ್ಟು ಮೈಕು ಹಿಡಿದ ಫೋಟೋ ಇಂಗ್ಲಿಷ್ ಪೇಪರಿನಲ್ಲಿ ಬಂತು. ಕ್ಯಾಂಟೀನಿನಲ್ಲಿ ಯಾರೋ ಅದನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ್ದರು. ಮನೆಗೆ ಬಂದು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ನೀನೂ ಮರೆತಿರಲಾರೆ. ಮುಂದಿನ ವರ್ಷ ನೀನು ಮದ್ರಾಸಿಗೆ ಹೋದೆ. ಅಷ್ಟು ವರ್ಷದಲ್ಲಿ ನೀನು ಹಾಡುವುದನ್ನು ನಾನು ಒಂದು ಸಲವೂ ಕೂತು ಕೇಳಲಿಲ್ಲ. ಮನೆಯಲ್ಲಿ ಗುನುಗಿದರೂ ಗದರಿಸುತ್ತಿದ್ದೆ.

ಕಳೆದ ಅಕ್ಟೋಬರಿನಲ್ಲಿ ನೀನು ರಿಜಿಸ್ಟರ್ ಅಂಚೆಯಲ್ಲಿ ಆ ಕ್ಯಾಸೆಟ್ ಕಳಿಸಿದೆ. ಮೇಲೆ ಚಿತ್ರವಿಲ್ಲ, ಹೆಸರಿಲ್ಲ, ಕಂಪನಿಯವರು ಟೈಪು ಮಾಡಿದ ಒಂದು ನಂಬರು ಮಾತ್ರ. ಜೊತೆಗೆ ನಿನ್ನ ಪತ್ರ. ಬ್ಯಾಂಡು ಬಿಟ್ಟು ನಾನೊಬ್ಬಳೇ ಹಾಡಿದ ಮೊದಲನೆಯ ಕ್ಯಾಸೆಟ್ ಇದು, ಜನವರಿಗೆ ಅಂಗಡಿಗೆ ಬರುತ್ತದೆ, ಎಂಥ ಹಾಡೆಂದು ಈಗ ಹೇಳುವುದಿಲ್ಲ, ನೀವೇ ಕೇಳಿ ಎಂದು ಬರೆದಿದ್ದೆ. ಕಂಪನಿಯವರು ನಿಶಾ ಎಂಬ ಹೆಸರು ಹಾಕೋಣ ಎನ್ನುತ್ತಿದ್ದಾರೆ, ನನಗೆ ಆಯಿಯ ಹೆಸರನ್ನೇ, ನಿಂಗವ್ವ ಎಂದೇ, ಹಾಕಿಸುವ ಆಸೆ, ಇಷ್ಟು ದಿನ ನನ್ನ ಹೆಸರಿಗೆ ನಾನೇ ನಾಚಿಕೊಂಡಿದ್ದು ಸಾಕು ಎಂದೂ ಬರೆದಿದ್ದೆ. ಕೊನೆಯ ಸಾಲು ನನಗೆ ಬಾಯಿಪಾಠವಾಗಿದೆ. ‘ಕ್ಯಾಸೆಟ್ ಕೇಳಿದ ಮ್ಯಾಲೆ ಹಾಕು ಅಂತ ನೀವೊಂದು ಮಾತು ಅಂದ್ರ, ಕಂಪನಿ ಜೋಡಿ ನಾ ಜಗಳಾಡ್ತೇನಿ. ನೀವು ಬ್ಯಾಡ ಅಂದ್ರ ಬ್ಯಾಡ.’

ನಾನು ಮರುದಿನವೇ ಇನ್‌ಲ್ಯಾಂಡ್ ಲೆಟರಿನಲ್ಲಿ ಮೂರು ಸಾಲು ಬರೆದು ಹಾಕಿದೆ. ಕ್ಯಾಸೆಟ್ ಕೇಳಿದೆ, ಇಂಥ ಹಾಡಿಗೆ ನನ್ನ ತಾಯಿಯ ಹೆಸರು ಬೇಡ, ಬೇರೆ ಯಾವುದನ್ನಾದರೂ ಇಟ್ಟುಕೋ ಎಂದು. ನಿಂಗಿ, ನಾನು ಅದನ್ನು ಕೇಳಿರಲಿಲ್ಲ. ಟೇಪ್ ರೆಕಾರ್ಡರಿಗೆ ಹಾಕಿಯೂ ಇರಲಿಲ್ಲ. ನೀನು ಹಾಡಿದ್ದೆಂದ ಮೇಲೆ ಇಂಗ್ಲಿಷೇ ಇರಬೇಕು, ಅದರಲ್ಲಿ ಕೇಳುವುದೇನಿದೆ ಎಂದುಕೊಂಡೆ. ಕೇಳಿದೆ ಎಂದು ಯಾಕೆ ಬರೆದೆ ಎಂದರೆ, ಕೇಳಲಿಲ್ಲ ಎಂದು ಬರೆದರೆ ನನ್ನ ಬೇಡ ಎಂಬ ಮಾತಿಗೆ ತೂಕ ಬರುವುದಿಲ್ಲವಲ್ಲ, ಅದಕ್ಕೆ. ಸುಳ್ಳು ಹೇಳಿದರೆ ಅದಕ್ಕೂ ಒಂದು ನ್ಯಾಯ ಹುಡುಕಿಟ್ಟುಕೊಳ್ಳುವವನು ನಿನ್ನ ಅಪ್ಪ.

ಇಷ್ಟಕ್ಕೇ ನಿಂತಿದ್ದರೆ ಕ್ಯಾಸೆಟ್ಟಾದರೂ ಉಳಿಯುತ್ತಿತ್ತು. ರಾಜ್ಯೋತ್ಸವಕ್ಕೆ ನಾಲ್ಕು ದಿನ ಇರುವಾಗ ನನ್ನ ಭಾಷಣವನ್ನು ರೆಕಾರ್ಡ್ ಮಾಡಿಕೊಂಡು ಕೇಳಿ ತಿದ್ದಿಕೊಳ್ಳಬೇಕೆಂದು ಹುರುಪು ಬಂತು. ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ. ಕ್ಯಾಸೆಟ್ಟಿನ ಬೆನ್ನಿಗಿರುವ ಎರಡು ತೂತಿಗೆ ಕಾಗದದ ಉಂಡೆ ತುರುಕಿದರೆ ಎಂಥ ಕ್ಯಾಸೆಟ್ಟಿನ ಮೇಲೂ ಹೊಸದಾಗಿ ರೆಕಾರ್ಡ್ ಮಾಡಬಹುದು ಎಂದು ಸಂಘದವರು ಹೇಳಿಕೊಟ್ಟಿದ್ದರು. ನಿನ್ನ ಕ್ಯಾಸೆಟ್ ಶೆಲ್ಫಿನ ಮೇಲೆ ಇತ್ತು. ತೂತಿಗೆ ಕಾಗದ ತುರುಕಿ, ಎರಡೂ ಸೈಡಿನ ಮೇಲೆ ನನ್ನ ಭಾಷಣ ತುಂಬಿಸಿದೆ. ಭಾಷಣದಲ್ಲಿ ಏನಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಹೆಣ್ಣುಮಕ್ಕಳು ಪರಭಾಷೆಯ ವ್ಯಾಮೋಹ ಬಿಟ್ಟು ಕನ್ನಡದಲ್ಲಿ ಹಾಡುವ ದಿನ ಎಂದು ಬರುತ್ತದೋ ಎಂದು ಕೇಳಿದ್ದೆ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಆ ಸಾಲಿಗೆ ಚಪ್ಪಾಳೆ ಬಹಳ ಹೊತ್ತು ಬಿತ್ತು.

ಜನವರಿ ಕೊನೆಗೆ ನಮ್ಮ ಶಿಫ್ಟ್ ಬಸ್ಸಿನ ಡ್ರೈವರ್ ಚಿಕ್ಕಮುನಿಯಪ್ಪ ಒಂದು ಟೇಪ್ ಡೆಕ್ ಹಾಕಿಸಿದ. ಅಬ್ಬಿಗೆರೆಯವನು, ಹಾಡಿನ ಹುಚ್ಚು ಜಾಸ್ತಿ. ಅವನು ದಿನಾ ಒಂದೇ ಕ್ಯಾಸೆಟ್ ಹಾಕುತ್ತಿದ್ದ. ಕನ್ನಡ ಹಾಡುಗಳು, ಆದರೆ ಸಿನಿಮಾದವಲ್ಲ, ಭಾವಗೀತೆಯೂ ಅಲ್ಲ. ಡ್ರಮ್ಮು, ಗಿಟಾರು ಎಲ್ಲ ಇದ್ದರೂ ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ‘ಹೋದರೆ ಹೋಗಲಿ ಈ ಬಸ್ಸು, ನನಗಿಂದು ಅವಸರವಿಲ್ಲ’ ಎಂಬ ಹಾಡು ಬಂದರೆ ಹಿಂದಿನ ಸೀಟಿನವರು ಟಿಫಿನ್ ಡಬ್ಬಿಯ ಮೇಲೆ ತಾಳ ಹಾಕುತ್ತಿದ್ದರು. ಎರಡನೇ ವಾರಕ್ಕೆ ನಾನೂ ತೊಡೆ ತಟ್ಟುತ್ತಿದ್ದೆ. ಒಂದು ದಿನ ಚಿಕ್ಕಮುನಿಯಪ್ಪನ ಹತ್ತಿರ ಹೋಗಿ ಅದನ್ನೇ ಇನ್ನೊಂದು ಸಲ ಹಾಕಿಸಿದೆ. ಯಾರಿದು ಎಂದರೆ, ‘ಯಾರೋ ನಿಶಾ ಅಂತೆ ಸಾ, ಮದ್ರಾಸ್‌ನಾಗವ್ಳಂತೆ. ಇಂಗೆ ಹಾಡೋರು ಎಲ್ಲವ್ರೆ ಸಾ’ ಎಂದ. ನಿನ್ನ ಪತ್ರದ ನಿಶಾ ನನಗೆ ಹೊಳೆಯಲೇ ಇಲ್ಲ. ನನ್ನ ಮಗಳು ಕನ್ನಡ ಹಾಡುತ್ತಾಳೆಂದು ಊಹಿಸಿದ್ದರೆ ತಾನೇ ಹೊಳೆಯುವುದು. ನಾನು ಬಸ್ಸಿಗೆಲ್ಲ ಕೇಳುವಂತೆ, ಒಂದಕ್ಷರ ನುಂಗದೆ ಹಾಡುತ್ತಾಳೆ, ಹೆತ್ತವರು ಒಳ್ಳೆಯ ಕನ್ನಡ ಕಲಿಸಿದ್ದಾರೆ ಎಂದು ಸರ್ಟಿಫಿಕೇಟು ಕೊಟ್ಟೆ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದ ಮಗಳ ದನಿ ನನಗೆ ಗುರುತು ಸಿಗಲಿಲ್ಲ.

ಗೊತ್ತಾಗಿದ್ದು ಹದಿನೈದು ದಿನದ ಹಿಂದೆ. ವಹಾಬ್ ಅವನ ತಂಗಿ ನಸೀಮಾಳ ಮದುವೆ ಕಾರ್ಡು ಕೊಡಲು ಬಂದಿದ್ದ. ನಾನು ಎಂದೂ ಅವನನ್ನು ಒಳಗೆ ಕರೆದವನಲ್ಲ. ಅವತ್ತು ನಿನ್ನ ಅವ್ವ ಕರೆದು ಕೂರಿಸಿ ಅವಲಕ್ಕಿ ಕೊಟ್ಟಳು. ಅವನು ಕಾರ್ಡಿನ ಜೊತೆಗೆ ಆ ಕ್ಯಾಸೆಟ್ ಮೇಜಿನ ಮೇಲಿಟ್ಟ. ಮುಖದ ಮೇಲೆ ಕೂದಲು ಇಳಿಬಿಟ್ಟುಕೊಂಡು ಅತ್ತ ತಿರುಗಿದ ಹುಡುಗಿ, ಕೆಳಗೆ ನಿಶಾ ಎಂದು ದಪ್ಪಕ್ಷರ. ಓಹೋ, ಇದು ನಮ್ಮ ಬಸ್ಸಿನ ಹುಡುಗಿ, ಬಹಳ ಚೆನ್ನಾಗಿ ಹಾಡುತ್ತಾಳಪ್ಪ ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ಅವನು ನಕ್ಕ. ನಾನು ನಗದಿದ್ದಾಗ ಅವಲಕ್ಕಿಯ ತಟ್ಟೆ ಕೆಳಗಿಟ್ಟ. ಇದು ನಮ್ಮ ನಿಂಗಿ, ಅಂಕಲ್ ಎಂದ. ಆಮೇಲೆ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ. ‘ಬ್ಯಾಂಡ್ ಬಿಟ್ಟು ಸೋಲೋ ಮಾಡ್ತೀನಿ, ಅದೂ ಕನ್ನಡದಲ್ಲೇ ಮಾಡ್ತೀನಿ ಅಂದಾಗ ನಾವೆಲ್ಲ ನಕ್ಕಿದ್ವಿ. ನಮ್ಮಪ್ಪಂಗೆ ಅರ್ಥ ಆಗೋ ಹಾಡು ಒಂದಾದ್ರೂ ಹಾಡ್ಬೇಕು ಕಣೋ ಅಂದ್ಲು. ನೀವು ಕೇಳಿ ಬೇಡ ಅಂತ ಬರೆದ್ರಲ್ಲ, ಒಂದು ವಾರ ಯಾರ ಜೊತೇನೂ ಮಾತೇ ಆಡ್ಲಿಲ್ಲ ಅಂಕಲ್.’ ಯುಗಾದಿಗೆ ಎರಡನೇ ಸಲ ಅಚ್ಚು ಹಾಕಿಸುತ್ತಾರಂತೆ, ಹೆಸರು ಬದಲಾಯಿಸುವುದಿದ್ದರೆ ಈಗಲೇ ಹೇಳು, ಆಮೇಲೆ ಎಲ್ಲ ಕ್ಯಾಸೆಟ್ಟಿಗೂ ನಿಶಾ ಎಂಬ ಹೆಸರೇ ನಿಂತುಬಿಡುತ್ತದೆ ಎಂದು ಕಂಪನಿಯವರೇ ನಿನ್ನನ್ನು ಕೇಳಿದರಂತೆ. ಅದಕ್ಕೆ ನೀನು, ಅಪ್ಪ ಕೇಳಿ ಬೇಡ ಅಂದಿದ್ದಾರೆ, ಇರಲಿ ಬಿಡಿ ಎಂದೆಯಂತೆ.

ಆ ಸಂಜೆ ಶೆಲ್ಫಿನಿಂದ ನೀನು ಕಳಿಸಿದ್ದ ಕ್ಯಾಸೆಟ್ ತೆಗೆದೆ. ಹೊಸ ಕ್ಯಾಸೆಟ್ ಮೇಜಿನ ಮೇಲೇ ಇತ್ತು, ಹಾಡು ಬೇಕೆಂದರೆ ಅದನ್ನು ಹಾಕಬಹುದಿತ್ತು. ಆದರೆ ನೀನು ನನಗೆಂದು ಕಳಿಸಿದ್ದರಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಬೇಕಿತ್ತು. ಮೊದಲನೇ ಸೈಡು ಪೂರಾ ನಾನೇ. ತಿರುಗಿಸಿ ಹಾಕಿದೆ, ಅಲ್ಲಿಯೂ ನಾನೇ. ನನ್ನ ಭಾಷಣವನ್ನು ಅಷ್ಟು ಗಮನ ಕೊಟ್ಟು ನಾನೇ ಎಂದೂ ಕೇಳಿರಲಿಲ್ಲ, ಎಷ್ಟು ಗಂಟಲು ಹರಿದುಕೊಳ್ಳುತ್ತೇನೆ. ಕೊನೆಗೆ ನನ್ನ ಜೈಕಾರ ಮುಗಿಯಿತು, ಟಪ್ ಎಂದು ಬಟನ್ ಒತ್ತಿದ ಸದ್ದಾಯಿತು, ಅದರ ಹಿಂದೆಯೇ ನಿನ್ನ ದನಿ. ಯಾವುದೋ ಹಾಡಿನ ಕೊನೆಯ ಎರಡು ಸಾಲು, ಅರ್ಧ ನಿಮಿಷವೂ ಇಲ್ಲ. ನಾನು ಮಾತು ನಿಲ್ಲಿಸಲಿ ಎಂದು ಅಷ್ಟು ಹೊತ್ತು ಕಾದಿದ್ದವಳಂತೆ ಹಾಡಿದೆ. ಬಾಗಿಲಲ್ಲಿ ನಿನ್ನ ಅವ್ವ ನಿಂತಿದ್ದಳು. ಅವಳು ಹೇಳಿದ್ದು ಕೇಳು. ‘ನೀವು ಸೆಕೆಂಡ್ ಶಿಫ್ಟಿಗೆ ಹೋದಾಗ ಒಂದನೇ ಸೈಡು ಕೇಳಿದ್ದೆ. ಎರಡನೇದು ಕೈ ಖಾಲಿ ಆದಾಗ ಕೇಳೂಣು ಅಂತ ಇಟ್ಟಿದ್ದೆ. ಹಾಕಿ ನೋಡಿದ್ರ ಅದರಾಗ ನೀವ ಮಾತಾಡಾಕತ್ತಿದ್ರಿ.’ ನನಗೆ ಯಾಕೆ ಹೇಳಲಿಲ್ಲ ಎಂದೆ. ‘ಕೇಳೇನಿ ಅಂತ ನೀವ ಬರೆದು ಹಾಕಿದ್ರಿ. ಮಗಳು ಕನ್ನಡದಾಗ ಹಾಡಿದ್ದನ್ನ ಕೇಳಿ, ಗೊತ್ತಿದ್ದೂ ಅಳಿಸ್ಯಾರ ಅಂತ ತಿಳಕೊಂಡೆ’ ಎಂದಳು. ನಾಲ್ಕು ತಿಂಗಳು ಅವಳು ನನ್ನನ್ನು ಅಂಥವನೆಂದು ತಿಳಿದುಕೊಂಡೇ ಅನ್ನ ಬಡಿಸಿದ್ದಾಳೆ. ನೀನೂ ಹಾಗೇ ತಿಳಿದಿರುತ್ತೀಯ. ಕೇಳಿ ಬೇಡವೆಂದ ಅಪ್ಪ ವಾಸಿಯೋ, ಕೇಳದೆಯೇ ಕೇಳಿದೆ ಎಂದವನು ವಾಸಿಯೋ ನನಗೆ ತಿಳಿಯುತ್ತಿಲ್ಲ. ಆದರೆ ಇರುವವನು ಎರಡನೆಯವನು.

ಇಷ್ಟಾದ ಮೇಲಾದರೂ ಬುದ್ಧಿ ಬಂತೇ ಎಂದರೆ ಅದೂ ಇಲ್ಲ. ಮೊನ್ನೆ ಗುರುವಾರ ಬಸ್ಸಿನಲ್ಲಿ ನಿನ್ನ ಹಾಡು ಬರುತ್ತಿತ್ತು. ಪಕ್ಕದ ಸೀಟಿನ ಲಕ್ಕಣ್ಣ, ನನ್ನ ಸೆಕ್ಷನ್ನಿನವನೇ, ಆ ಪೇಪರಿನ ಫೋಟೋವನ್ನು ಇನ್ನೂ ಮರೆಯದವನು, ನಿಮ್ಮ ಮಗಳೂ ಮದ್ರಾಸಿನಲ್ಲೇ ಹಾಡುವುದಲ್ವಾ ಸಾರ್, ಈ ನಿಶಾ ಗೊತ್ತಿರಬೇಕಲ್ಲ ಎಂದು ಕೇಳಿದ. ಬಾಯಿ ತೆರೆದರೆ ಸಾಕಿತ್ತು. ಆದರೆ ಇವಳೇ ನನ್ನ ಮಗಳು ಎಂದರೆ, ಮತ್ತೆ ಹೆಸರು ಯಾಕೆ ಬೇರೆ ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ಹೇಳಿದರೆ ರಾಜ್ಯೋತ್ಸವದ ಭಾಷಣದವರೆಗೂ ಎಲ್ಲ ಹೊರಬರುತ್ತದೆ. ಇಷ್ಟೂ ಲೆಕ್ಕ ಹಾಕಿ, ಗೊತ್ತಿಲ್ಲ ಎಂದೆ. ಯಾರೋ ಏನೋ, ಮದ್ರಾಸು ದೊಡ್ಡ ಊರು ಎಂದೂ ಸೇರಿಸಿದೆ. ಮೊದಲು ಮಾಡಿದ್ದನ್ನು ತಿಳಿಯದೆ ಮಾಡಿದೆ ಎನ್ನಬಹುದು. ಇದನ್ನು ತಿಳಿದೇ ಮಾಡಿದೆ. ಫ್ಯಾಕ್ಟರಿ ಬರುವವರೆಗೂ ನೀನು ಹಾಡುತ್ತಲೇ ಇದ್ದೆ, ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ.

ಇದಿಷ್ಟು ನಿನಗೆ ಗೊತ್ತಿರಬೇಕು ಎನಿಸಿತು, ಬರೆದೆ. ಕ್ಷಮಿಸು ಎಂದು ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಗೊತ್ತು, ಅದಕ್ಕೇ ಆ ಮಾತು ಬರೆಯಲು ಹಿಂಜರಿಕೆ. ಹೆಸರಿನ ವಿಷಯದಲ್ಲಿ ನಿನಗೆ ಸರಿಕಂಡಂತೆ ಮಾಡು. ಬೇಡ ಎಂದು ಅಷ್ಟು ಬೇಗ ಹೇಳಿದವನಿಗೆ ಈಗ ಹೀಗೆ ಮಾಡು, ಹಾಗೆ ಮಾಡು ಎನ್ನುವ ಅಧಿಕಾರವಿಲ್ಲ. ನಸೀಮಾಳ ಮದುವೆಗೆ ನಾವಿಬ್ಬರೂ ಹೋಗುತ್ತೇವೆ, ನಿನ್ನ ಅವ್ವ ಆಗಲೇ ಸೀರೆ ತೆಗೆದಿಟ್ಟಿದ್ದಾಳೆ. ವಹಾಬ್ ಕೊಟ್ಟ ಕ್ಯಾಸೆಟ್ಟನ್ನು ಅವಳು ದಿನಾ ಮಧ್ಯಾಹ್ನ ಹಾಕುತ್ತಾಳೆ. ನಾನಿದ್ದರೆ ದನಿ ಸಣ್ಣ ಮಾಡುತ್ತಿದ್ದಳು, ಈಚೆಗೆ ಮಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿಲಿನಲ್ಲಿ ಅಲೆಯಬೇಡ. ನಿನ್ನ ಕಂಠಕ್ಕೂ ನಿನ್ನ ಬಾಳಿಗೂ ಶಿವನ ಕಾಪು ಇರಲಿ ಎಂದು ನಿನ್ನ ಅವ್ವ ಬರೆಸುತ್ತಿದ್ದಾಳೆ. ನನ್ನದೂ ಅದೇ ಹಾರೈಕೆ.

ಇಂತಿ ನಿನ್ನ ಅಪ್ಪ,
ನಾಗಲಿಂಗಪ್ಪ

ತಾ.ಕ.: ಸೋಮವಾರ ಬೆಳಿಗ್ಗೆ, ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ, ಸೈರನ್ನಿಗೆ ಐದು ನಿಮಿಷವಿದೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಇವತ್ತು ಬಸ್ಸಿನಲ್ಲಿ ನಿನ್ನ ಹಾಡು ಬಂದ ಕೂಡಲೇ ಎದ್ದು ನಿಂತು, ಇದು ನನ್ನ ಮಗಳು ನಿಂಗವ್ವ ಹಾಡಿರುವುದು ಎಂದು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ. ‘ಗುರುವಾರ ಗೊತ್ತೇ ಇಲ್ಲ ಅಂದ್ರಿ, ಸೋಮವಾರ ಮಗಳಾಗ್ಬಿಟ್ಲಾ ಸಾರ್’ ಎಂದು ಲಕ್ಕಣ್ಣ ಅಂದ, ಬಸ್ಸೆಲ್ಲ ನಕ್ಕಿತು. ಚಿಕ್ಕಮುನಿಯಪ್ಪ ಕ್ಯಾಸೆಟ್ಟಿನ ಕವರು ನನ್ನ ಕೈಗೆ ಕೊಟ್ಟು, ನಿಂಗವ್ವ ಅಂತ ಎಲ್ಲಿ ಬರ್ದವ್ರೆ ತೋರ್ಸಿ ಸಾ ಎಂದ. ತೋರಿಸಲು ಒಂದಕ್ಷರವೂ ಇರಲಿಲ್ಲ. ಅವರದೇನೂ ತಪ್ಪಿಲ್ಲ, ಅಳಿಸಿದವನು ನಾನು. ನಿನಗೆ ಸರಿಕಂಡಂತೆ ಮಾಡು ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕಿಕೋ, ಅದೂ ಹೇಡಿಯ ಮಾತೇ. ಎರಡೂ ಸೈಡು ಕೇಳಿ ಹೇಳುತ್ತಿದ್ದೇನೆ, ನಿಂಗವ್ವ ಎಂದೇ ಹಾಕಿಸು, ಕಂಪನಿಯವರು ಒಪ್ಪದಿದ್ದರೆ ಜಗಳಾಡು. ಅಕ್ಟೋಬರಿನಲ್ಲಿ ನೀನು ನನ್ನನ್ನು ಕೇಳಿದಂತೆ ಈಗ ನಾನು ನಿನ್ನನ್ನು ಒಂದು ಮಾತು ಕೇಳುತ್ತೇನೆ. ಆ ಹೆಸರಿನ ಮುಂದೆ ಅಪ್ಪನ ಹೆಸರು ಹಾಕಿಸಬಹುದೋ ಬೇಡವೋ ನೀನೇ ಹೇಳು. ನೀನು ಬೇಡ ಅಂದರೆ ಬೇಡ.